ಮೈಸೂರಿನ ಒಂದು ನೀರುಗಿಡಗಳ ನರ್ಸರಿ: ಗಿಡ ಅಲ್ಲಿಂದ ತನ್ನಿ, ತೊಟ್ಟಿ ಬೇಡ

ಮನೆಯಂಗಳದಲ್ಲೋ ತಾರಸಿಯಲ್ಲೋ ಒಂದು ತೊಟ್ಟಿಯಿಟ್ಟು ನೈದಿಲೆ, ತಾವರೆ ಬೆಳೆಸುವವರು ಮೈಸೂರಿನಲ್ಲಿ ಈಚೆಗೆ ಹೆಚ್ಚಾಗಿರುವುದರಿಂದ, ಗುಲಾಬಿ, ದಾಸವಾಳಗಳ ಸಾಲಿನ ಕೊನೆಗೆ ಒಂದೆರಡು ನೀರಿನ ಟಬ್ಬುಗಳನ್ನೂ ಇಟ್ಟುಕೊಳ್ಳದ ನರ್ಸರಿ ಈಗ ಅಪರೂಪ. ನೀರಿನಲ್ಲಿ ಬೆಳೆಯುವ ಗಿಡಗಳನ್ನು ಮಾತ್ರ ಮಾರುವ ಅಂಗಡಿಗಳು ಆದರೂ ಕಡಿಮೆಯೇ. ಅಂಥದೊಂದು ಹೊರವರ್ತುಲ ರಸ್ತೆಯ ಆಚೆಗಿದೆ. ಅಲ್ಲಿ ಗಿಡ ಕೊಳ್ಳಬಹುದು, ಗಿಡ-ತೊಟ್ಟಿ-ಮಣ್ಣು-ಮೀನು ಎಲ್ಲವನ್ನೂ ಸೇರಿಸಿದ ‘ಸೆಟ್’ ಕೊಳ್ಳಬಹುದು, ಬೇಕೆಂದರೆ ಅವರೇ ಮನೆಗೆ ಬಂದು ಜೋಡಿಸಿಯೂ ಕೊಡುತ್ತಾರೆ. ನಾನು ಈ ಮೂರನ್ನೂ ಬಳಸಿ ನೋಡಿದ್ದೇನೆ. ಮೂರರ ಗುಣಮಟ್ಟವೂ ಒಂದೇ ಅಲ್ಲ ಎನ್ನುವುದೇ ಈ ವಿಮರ್ಶೆಯನ್ನು ಬರೆಯಲು ಕಾರಣ. ದೂರುಗಳೂ ಇರುವುದರಿಂದ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಇಲ್ಲಿ ಹೇಳುವ ಮಾತುಗಳಲ್ಲಿ ಹೆಚ್ಚಿನವು ಇಂಥ ಸೆಟ್ ಮಾರುವ ಯಾವ ಅಂಗಡಿಗೂ ಹೊಂದುತ್ತವೆ.

ಅಂಗಡಿಯನ್ನು ನಡೆಸುವವರು ತಾಯಿ ಮತ್ತು ಮಗ. ಗಿಡಗಳು ತಾಯಿಯವು, ಸೆಟ್ಟುಗಳ ವ್ಯಾಪಾರ ಮಗನದು. ಈ ಹಂಚಿಕೆಯನ್ನು ಅರಿತುಕೊಂಡರೆ ಅಲ್ಲಿ ಏನನ್ನು ಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆಯೇ.

ಗಿಡಗಳ ವಿಷಯದಲ್ಲಿ ನನಗೆ ಹೊಗಳಿಕೆಯ ಹೊರತು ಬೇರೆ ಮಾತಿಲ್ಲ. ಶೆಡ್ಡಿನ ಹಿಂದೆ, ಬಿಸಿಲು ಬೀಳುವ ಬಯಲಿನಲ್ಲಿ ಸಾಲಾಗಿ ಇಟ್ಟ ಟಬ್ಬುಗಳಲ್ಲಿ ನೈದಿಲೆಯ ಹಲವು ಬಣ್ಣಗಳಿವೆ. ಬೆಳಿಗ್ಗೆ ಅರಳಿ ಮಧ್ಯಾಹ್ನ ಕಳೆಯುವ ಹೊತ್ತಿಗೆ ಮುಚ್ಚಿಕೊಳ್ಳುವ ನೀಲಿ, ನೇರಳೆ, ಹಳದಿ ಜಾತಿಗಳು ಒಂದು ಕಡೆ. ಸಂಜೆಗೆ ಅರಳಿ ಮರುದಿನ ಬಿಸಿಲೇರುವವರೆಗೆ ಬಿರಿದೇ ಇರುವ ಕೆಂಪು ಮತ್ತು ಬಿಳಿ ಜಾತಿಗಳು ಇನ್ನೊಂದು ಕಡೆ. ಪ್ರತಿ ಟಬ್ಬಿಗೂ ಹೂವಿನ ಬಣ್ಣ, ಅರಳುವ ಹೊತ್ತು, ಎಲೆ ಹರಡುವ ಅಗಲ ಈ ಮೂರನ್ನೂ ಬರೆದ ಚೀಟಿಯನ್ನು ತಂತಿಯಿಂದ ಕಟ್ಟಿದ್ದಾರೆ. ಕಚೇರಿಗೆ ಹೋಗಿ ಸಂಜೆ ಮನೆಗೆ ಬರುವವರು ಹಗಲಿನಲ್ಲಿ ಅರಳುವ ಜಾತಿಯನ್ನು ಕೊಂಡರೆ ಭಾನುವಾರದ ಹೊರತು ಹೂ ಕಾಣುವುದಿಲ್ಲವೆಂಬ ಸರಳ ಸಂಗತಿಯನ್ನು ಬೇರೆ ನರ್ಸರಿಗಳಲ್ಲಿ ಯಾರೂ ಹೇಳುವುದಿಲ್ಲ. ಈ ತಾಯಿ ಮಾತ್ರ ಮೊದಲು ಕೇಳುವುದೇ, ‘ಮನೇಲಿ ಯಾವ ಹೊತ್ತಲ್ಲಿ ಇರ್ತೀರಿ ಸಾರ್?’ ಎಂದು.

ತಾವರೆಯನ್ನೂ ನೈದಿಲೆಯನ್ನೂ ಅವರು ಬೇರೆ ಬೇರೆಯಾಗಿಯೇ ಮಾರುತ್ತಾರೆ. ಇದನ್ನು ವಿಶೇಷವಾಗಿ ಹೇಳಲು ಕಾರಣವಿದೆ. ಆನ್‌ಲೈನಿನಲ್ಲಿ ‘ನೀಲಿ ತಾವರೆ’ಯ ಬೀಜವೆಂದು ಮಾರಾಟವಾಗುವುದು ಒಂದೋ ನೈದಿಲೆಯಾಗಿರುತ್ತದೆ, ಇಲ್ಲವೇ ಬರೀ ಮೋಸವಾಗಿರುತ್ತದೆ, ತಾವರೆಯಲ್ಲಿ ನೀಲಿ ಬಣ್ಣವೇ ಇಲ್ಲ. ನಮ್ಮ ಏಷ್ಯಾದ ತಾವರೆ ಬಿಳಿ ಮತ್ತು ಗುಲಾಬಿ ಛಾಯೆಗಳದು, ಅಮೆರಿಕದ್ದು ಹಳದಿ, ಉಳಿದದ್ದೆಲ್ಲ ಇವುಗಳ ಮಿಶ್ರತಳಿ. ಎಲೆಯನ್ನು ನೋಡಿದರೆ ಸಾಕು, ಎರಡರ ವ್ಯತ್ಯಾಸ ತಿಳಿಯುತ್ತದೆ: ನೈದಿಲೆಯ ಎಲೆ ನೀರಿನ ಮೇಲೆ ತೇಲುತ್ತದೆ, ಅದರ ಒಂದು ಬದಿ ತೊಟ್ಟಿನವರೆಗೂ ಸೀಳಿರುತ್ತದೆ, ತಾವರೆಯ ಎಲೆ ಸೀಳಿಲ್ಲದ ದುಂಡನೆಯದು, ಗಿಡ ಬಲಿತ ಮೇಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ, ನೀರು ಹನಿಸಿದರೆ ಅಂಟಿಕೊಳ್ಳದೆ ಉರುಳಿಹೋಗುತ್ತದೆ. ಹಿಂದೆ ಸಸ್ಯಶಾಸ್ತ್ರಜ್ಞರೂ ಇವೆರಡನ್ನು ಒಂದೇ ಕುಟುಂಬದಲ್ಲಿ ಇಟ್ಟಿದ್ದರು. ಈಗಿನ ವರ್ಗೀಕರಣದ ಪ್ರಕಾರ ತಾವರೆಗೆ ನೈದಿಲೆಗಿಂತ ಹತ್ತಿರದ ನೆಂಟ ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಮರ. ಎರಡರ ಎಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಇದನ್ನು ನಂಬುವುದು ಕಷ್ಟ.

ತಾವರೆ ಗೆಡ್ಡೆಯನ್ನು ಆರಿಸುವ ಅವರ ರೀತಿಯನ್ನು ನಿಂತು ನೋಡಬೇಕು. ಕೆಸರಿನಿಂದ ಎತ್ತಿದ ಗೆಡ್ಡೆಯನ್ನು ಬಕೆಟ್ಟಿನ ನೀರಿನಲ್ಲಿ ಅಲ್ಲಾಡಿಸಿ ತೊಳೆಯುತ್ತಾರೆಯೇ ಹೊರತು ಕೈಯಿಂದ ಉಜ್ಜುವುದಿಲ್ಲ. ಗೆಣ್ಣುಗೆಣ್ಣಾಗಿರುವ ಗೆಡ್ಡೆಯ ಪ್ರತಿ ಭಾಗವನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಮೆತ್ತಗಾದದ್ದು ಕಂಡರೆ ಪಕ್ಕಕ್ಕಿಡುತ್ತಾರೆ. ಕೊನೆಗೆ ತುದಿಯ ಕುಡಿಯನ್ನು ಮಾತ್ರ ಮುಟ್ಟದೆ ಬೆಳಕಿಗೆ ಹಿಡಿದು ತೋರಿಸುತ್ತಾರೆ. ಕುಡಿಗಳು ಮುರಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಕೊಳೆತೇ ಹೋಗುತ್ತದೆ. ‘ಇದು ಮುರಿದ್ರೆ ದುಡ್ಡು ವಾಪಸ್ ಕೇಳ್ಬೇಡಿ, ನಿಮ್ಮ ಕೈಗೆ ಕೊಟ್ಟಾಗ ಚೆನ್ನಾಗಿತ್ತು’ ಎಂದು ಹೇಳಿಯೇ, ಒದ್ದೆ ಪೇಪರಿನಲ್ಲಿ ಸುತ್ತಿ, ಗೆಡ್ಡೆಯುದ್ದಕ್ಕೆ ಕತ್ತರಿಸಿದ ಬಾಳೆದಿಂಡಿನ ಪಟ್ಟೆಯೊಳಗೆ ಮಲಗಿಸಿ ಕಟ್ಟಿಕೊಡುತ್ತಾರೆ. ಈ ಪಟ್ಟೆಯ ಪೆಟ್ಟಿಗೆಯ ಮುಂದೆ ಕೊರಿಯರಿನವರ ಗುಳ್ಳೆ ಪ್ಲಾಸ್ಟಿಕ್ಕು ಏನೂ ಅಲ್ಲ. ಮನೆಗೆ ಬಂದ ಮೇಲೆ ಗೆಡ್ಡೆಯನ್ನು ಮಣ್ಣಿನಲ್ಲಿ ಅಡ್ಡಲಾಗಿ ಮಲಗಿಸಿ, ಕುಡಿ ಮಾತ್ರ ಮಣ್ಣಿನಿಂದ ಹೊರಗಿರುವಂತೆ ಮುಚ್ಚಿ, ಮೇಲೆ ನಾಲ್ಕು ಬೆರಳಿನಷ್ಟು ನೀರು ನಿಲ್ಲಿಸಬೇಕು. ಎಲೆಗಳು ಮೇಲೆದ್ದು ನಿಲ್ಲುವವರೆಗೆ ಮೇಲುಗೊಬ್ಬರ ಹಾಕಬಾರದು.

ಬೀಜದಿಂದ ಬೆಳೆಸುವ ಆಸೆಯಿಂದ ಹೋದವರನ್ನು ಅವರು ಸಾಮಾನ್ಯವಾಗಿ ವಾಪಸು ಕಳುಹಿಸುತ್ತಾರೆ. ತಾವರೆ ಬೀಜದ ಗಟ್ಟಿ ಸಿಪ್ಪೆಯನ್ನು ಒಂದು ಕಡೆ ತೇಯ್ದು ನೀರಿನಲ್ಲಿ ಹಾಕಿದರೆ ವಾರದೊಳಗೆ ಮೊಳಕೆಯೊಡೆಯುವುದು ನಿಜ. ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಆಟವಿಲ್ಲ. ಆದರೆ ಬೀಜದ ಗಿಡ ತಾಯಿಗಿಡದ ಹೂವನ್ನೇ ಬಿಡುತ್ತದೆಂಬ ಭರವಸೆಯಿಲ್ಲ, ಹೂವಿಗಾಗಿ ವರ್ಷವೋ ಅದಕ್ಕಿಂತ ಹೆಚ್ಚೋ ಕಾಯಬೇಕಾಗುತ್ತದೆ. ಮಾರಾಟ ಕೈತಪ್ಪಿದರೂ ಇದನ್ನು ಹೇಳುವ ಅಂಗಡಿಯವರನ್ನು ನಂಬಬಹುದು.

ದಡದ ಗಿಡಗಳ ಆಯ್ಕೆಯೂ ಚೆನ್ನಾಗಿದೆ. ಕಾಲು ಮಾತ್ರ ನೀರಿನಲ್ಲಿ ಬೇಕೆನ್ನುವ ಬಜೆ, ತಟ್ಟೆಗೆ ಬೇಕಾದಾಗ ಕಿತ್ತುಕೊಳ್ಳಬಹುದಾದ ಒಂದೆಲಗ, ನೆಲಕ್ಕಂಟಿ ಹಬ್ಬುವ ನೀರುಬ್ರಾಹ್ಮಿ, ಛತ್ರಿಯಾಕಾರದ ಸೈಪರಸ್, ಬಣ್ಣಬಣ್ಣದ ಕ್ಯಾನಾ ಇವೆಲ್ಲ ಚಿಕ್ಕ ಕುಂಡಗಳಲ್ಲಿ ಸಿಗುತ್ತವೆ, ಬೆಲೆಯೂ ಸಾಧಾರಣ. ನೀರಿನೊಳಗೇ ಇರುವ ಹೈಡ್ರಿಲ್ಲಾವನ್ನು ಹಿಡಿಯಷ್ಟು ಕಿತ್ತು ಪುಕ್ಕಟೆಯಾಗಿ ಕೊಡುತ್ತಾರೆ.

ಇನ್ನು ಮಗನ ಸೆಟ್ಟಿನ ವಿಷಯ. ನೋಡಲು ಅದು ಬಹಳ ಚೆಂದ. ಹೊಳೆಯುವ ಬಿಳಿ ಫೈಬರ್ ಬೌಲು, ತಳದಲ್ಲಿ ಕಪ್ಪು ‘ಪಾಟಿಂಗ್ ಮಿಕ್ಸ್’, ಅದರ ಮೇಲೆ ಬಿಳಿ ಬೆಣಚುಕಲ್ಲು, ನಡುವೆ ಒಂದು ನೈದಿಲೆ, ಬದಿಯಲ್ಲಿ ತೇಲುವ ಎರಡು ಗಿಡ, ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಗಪ್ಪಿ ಮೀನು. ಮೊಬೈಲಿನಲ್ಲಿ ಫೋಟೊ ತೆಗೆಯಲು ಇದಕ್ಕಿಂತ ಒಳ್ಳೆಯ ವಸ್ತು ಸಿಗಲಾರದು. ಬಿಡಿಬಿಡಿಯಾಗಿ ಕೊಂಡರೆ ಆಗುವುದರ ಹೆಚ್ಚುಕಡಿಮೆ ಎರಡರಷ್ಟು ಬೆಲೆಯನ್ನು ಈ ಅಂದಕ್ಕೆ ಕೊಡುತ್ತೇವೆ. ಅದರ ಬಗ್ಗೆ ನನ್ನ ತಕರಾರಿಲ್ಲ, ಜೋಡಿಸುವ ಶ್ರಮಕ್ಕೆ ಬೆಲೆಯಿದ್ದೇ ಇದೆ. ತಕರಾರು ಇರುವುದು ಬೌಲಿನ ಒಳಗಿನ ಪದಾರ್ಥಗಳ ಬಗ್ಗೆ.

ಮೊದಲನೆಯದು ಮಣ್ಣು. ಸೆಟ್ಟಿನ ಪಾಟಿಂಗ್ ಮಿಕ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಕುಂಡದ ಗಿಡಕ್ಕೆ ಅದು ಒಳ್ಳೆಯದೇ. ನೀರು ತುಂಬಿದ ಬೌಲಿನಲ್ಲಿ ಮಾತ್ರ ಅದು ಬೆಣಚುಕಲ್ಲಿನ ಸಂದಿಯಿಂದ ನುಸುಳಿ ಒಂದೊಂದಾಗಿ ಮೇಲಕ್ಕೆ ಬಂದು ತೇಲುತ್ತದೆ, ನೀರಿಗೆ ಚಹಾದ ಬಣ್ಣ ಬರುತ್ತದೆ, ಉಳಿದ ಎರೆಗೊಬ್ಬರ ಕರಗಿ ನೀರಿಗಿಳಿದು ಪಾಚಿಗೆ ಹಬ್ಬವಾಗುತ್ತದೆ. ನೈದಿಲೆ, ತಾವರೆಗಳು ನೀರಿನಲ್ಲಿ ನಿಂತರೂ ಉಣ್ಣುವುದು ಬೇರಿನಿಂದ, ಅದೂ ಗಟ್ಟಿಯಾಗಿ ಕೂತ ಜೇಡಿಮಣ್ಣಿನಿಂದ. ಅಂಥ ಮಣ್ಣು ಮೈಸೂರು, ಮಂಡ್ಯದ ಜನರಿಗೆ ಹೊಸದಲ್ಲ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ರೈತರು ಗಾಡಿಯಲ್ಲಿ, ಈಗ ಟ್ರ್ಯಾಕ್ಟರಿನಲ್ಲಿ, ಹೊಲಕ್ಕೆ ಹೊಡೆಸಿಕೊಳ್ಳುವ ಕೆರೆಗೋಡು ಇದಕ್ಕೆ ಹೇಳಿ ಮಾಡಿಸಿದ ಮಣ್ಣು. ಹೊಲಕ್ಕೆ ಗೋಡು ಹೊಡೆಸಿದವರ ಪರಿಚಯವಿದ್ದರೆ ಬೇಕಾದಷ್ಟು ಕೇಳಿ ತಂದರೆ ಸಾಕು. ಗೋಡು ಸಿಗದಿದ್ದರೆ ಗದ್ದೆಯ ಮಣ್ಣು ನಡೆಯುತ್ತದೆ. ಅದೂ ಸಿಗದಿದ್ದರೆ ನಮ್ಮ ಕೆಂಪುಮಣ್ಣಿನಲ್ಲೇ ಜಿಗುಟು ಹೆಚ್ಚಿರುವುದನ್ನು ಆರಿಸಬೇಕು. ಒದ್ದೆ ಮಾಡಿದ ಮಣ್ಣನ್ನು ಅಂಗೈಗಳ ನಡುವೆ ದೀಪದ ಬತ್ತಿ ಹೊಸೆದಂತೆ ಹೊಸೆದಾಗ ತುಂಡಾಗದೆ ಎಳೆ ಬಂದರೆ ಅದು ಆಗುತ್ತದೆ, ಪುಡಿಪುಡಿಯಾದರೆ ಆಗುವುದಿಲ್ಲ.

ಗೊಬ್ಬರವನ್ನು ಹಾಕುವುದಾದರೆ ತಳದಲ್ಲಿ ಮಾತ್ರ ಹಾಕಬೇಕು. ಚೆನ್ನಾಗಿ ಕಳಿತು ವಾಸನೆ ಹೋದ ಕೊಟ್ಟಿಗೆ ಗೊಬ್ಬರ ಎರಡು ಹಿಡಿ, ಅದರ ಮೇಲೆ ತೊಟ್ಟಿಯ ಮೂರನೆಯ ಒಂದು ಭಾಗದಷ್ಟು ಗೋಡು, ಎಲ್ಲಕ್ಕಿಂತ ಮೇಲೆ ಮಣ್ಣು ಕದಡದ ಹಾಗೆ ಬೆರಳಿನ ದಪ್ಪಕ್ಕೆ ತೊಳೆದ ಮರಳು. ಹಸಿ ಸಗಣಿ ಹಾಕಿದರೆ ಅಮೋನಿಯಾ ಹೆಚ್ಚಿ ಮೀನು ಸಾಯುತ್ತದೆ, ನೀರು ಹಸಿರಾಗುತ್ತದೆ. ಮುಂದೆ ಗಿಡ ಸೊರಗಿದಂತೆ ಕಂಡಾಗ ಡಿ.ಎ.ಪಿ. ಎಂಬ ರಾಸಾಯನಿಕ ಗೊಬ್ಬರವನ್ನು ಚಮಚದಷ್ಟು ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಬೇರಿನಿಂದ ಸ್ವಲ್ಪ ದೂರದಲ್ಲಿ ಮಣ್ಣಿನಾಳಕ್ಕೆ ಬೆರಳಿನಿಂದ ಒತ್ತಿಬಿಡಬೇಕು; ನೀರಿನ ಮೇಲೆ ಎರಚಬಾರದು. ಈ ಪೊಟ್ಟಣದ ಉಪಾಯವನ್ನು ನನಗೆ ಹೇಳಿಕೊಟ್ಟವರು ಅದೇ ತಾಯಿ. ಅವರ ಸ್ವಂತ ಟಬ್ಬುಗಳಲ್ಲಿ ಇರುವುದು ಗೋಡೇ. ಗಿರಾಕಿಗೆ ಹೋಗುವ ಬೌಲಿನಲ್ಲಿ ಕೊಕೊಪೀಟ್ ಏಕೆ ಎಂದು ಕೇಳಿದ್ದಕ್ಕೆ ಅವರು ಮಗನ ಕಡೆ ನೋಡಿದರು, ಮಗ ‘ಭಾರ ಕಮ್ಮಿ ಆಗುತ್ತೆ ಸಾರ್, ಡೆಲಿವರಿಗೆ ಅನುಕೂಲ’ ಎಂದರು. ಪ್ರಾಮಾಣಿಕ ಉತ್ತರವೇ, ಆದರೆ ಅದು ಗಿಡಕ್ಕೆ ಆಗುವ ಅನುಕೂಲವಲ್ಲ.

ಎರಡನೆಯದು ಬೌಲಿನ ಆಕಾರ. ಬಾಯಿ ಅಗಲವಾಗಿ, ತಳ ಕಿರಿದಾಗಿ ಇಳಿಯುವ ಈ ಬೌಲುಗಳಲ್ಲಿ ಬೇರಿಗೆ ಸಿಗುವ ಜಾಗ ತೀರ ಕಡಿಮೆ. ಚಿಕ್ಕ ಜಾತಿಯ ನೈದಿಲೆ ಹೇಗೋ ಹೊಂದಿಕೊಳ್ಳುತ್ತದೆ. ತಾವರೆಗೆ ಇದು ಸಲ್ಲದು. ತಾವರೆಯ ಕುಡಿ ಮಣ್ಣಿನೊಳಗೆ ತೊಟ್ಟಿಯ ಗೋಡೆಯನ್ನು ಬಳಸಿ ಸುತ್ತುತ್ತಾ ಬೆಳೆಯುವುದರಿಂದ ಅದಕ್ಕೆ ಕನಿಷ್ಠ ಒಂದೂವರೆಯಿಂದ ಎರಡು ಅಡಿ ಅಗಲದ, ತಳವೂ ಅಷ್ಟೇ ಅಗಲವಿರುವ, ಮೂಲೆಗಳಿಲ್ಲದ ದುಂಡು ತೊಟ್ಟಿಯೇ ಬೇಕು. ಚೌಕದ ತೊಟ್ಟಿಯಲ್ಲಿ ಕುಡಿ ಮೂಲೆಗೆ ಹೋಗಿ ಸಿಕ್ಕಿಕೊಂಡು ಬಾಗಿ ಮುರಿಯುವುದುಂಟು. ದೇವರಾಜ ಮಾರುಕಟ್ಟೆಯ ಆಸುಪಾಸಿನ ಪ್ಲಾಸ್ಟಿಕ್ ಅಂಗಡಿಗಳಲ್ಲಿ ಸಿಗುವ, ಕಟ್ಟಡ ಕೆಲಸಕ್ಕೂ ಬಟ್ಟೆ ನೆನೆಸಲಿಕ್ಕೂ ಬಳಸುವ ದೊಡ್ಡ ಕಪ್ಪು ಟಬ್ಬು ಈ ಬೌಲಿನ ಕಾಲುಭಾಗದ ಬೆಲೆಗೆ ಬರುತ್ತದೆ, ಬಿಸಿಲಿಗೂ ತಾಳುತ್ತದೆ. ಕಪ್ಪು ಬಣ್ಣದಿಂದ ಆಳವೂ ಹೆಚ್ಚಿದಂತೆ ಕಾಣುತ್ತದೆ.

ಪ್ಲಾಸ್ಟಿಕ್ ಬೇಡವೆನ್ನುವವರಿಗೆ ನಮ್ಮ ಕಡೆ ಒಳ್ಳೆಯ ದಾರಿಯೊಂದಿದೆ. ಹಳೆಯ ಮನೆಗಳ ಹಿತ್ತಿಲಿನಲ್ಲಿ ದನಗಳಿಗೆ ಕಲಗಚ್ಚು ಸುರಿಯುತ್ತಿದ್ದ ಕಲ್ಲುಬಾನಿಗಳು ಕೊಟ್ಟಿಗೆಯೊಂದಿಗೇ ಕೆಲಸ ಕಳೆದುಕೊಂಡು ಬಿದ್ದಿವೆ. ಅವು ನೆಲದ ಮೇಲೆ ಇಡುವವರಿಗೆ ಮಾತ್ರ, ಎತ್ತಿ ತಾರಸಿಗೆ ಸಾಗಿಸುವ ಮಾತೇ ಇಲ್ಲ. ಆದರೆ ಕಲ್ಲು ಬೇಸಿಗೆಯಲ್ಲೂ ನೀರನ್ನು ತಂಪಾಗಿಡುತ್ತದೆ, ನೈದಿಲೆ ಅದರಲ್ಲಿ ಚೆನ್ನಾಗಿಯೇ ಒಗ್ಗುತ್ತದೆ. ಹೊಸ ಸಿಮೆಂಟ್ ತೊಟ್ಟಿಯಾದರೆ ಸುಣ್ಣದಂಶ ನೀರಿಗೆ ಬಿಡುತ್ತಿರುವುದರಿಂದ ಕೆಲವು ವಾರ ನೀರು ತುಂಬಿ ಚೆಲ್ಲುತ್ತಾ ಹದ ಮಾಡಿಕೊಳ್ಳದೆ ಮೀನು ಬಿಡಬಾರದು. ತಾಮ್ರದ ಹಂಡೆ, ಹಿತ್ತಾಳೆಯ ಉರುಳಿಗಳಲ್ಲಿ ಹೂ ತೇಲಿಬಿಡುವುದು ಬೇರೆ, ಮೀನು ಸಾಕುವುದು ಬೇರೆ. ತಾಮ್ರ ಸ್ವಲ್ಪವೇ ಕರಗಿದರೂ ಮೀನಿಗೂ ಬಸವನಹುಳುವಿಗೂ ವಿಷ. ಯಾವ ರಾಸಾಯನಿಕ ತುಂಬಿತ್ತೆಂದು ತಿಳಿಯದ ನೀಲಿ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ ಮಾರುವವರಿಂದಲೂ ದೂರವಿರುವುದು ಮೇಲು.

ಮೂರನೆಯ ತಕರಾರು ಸೆಟ್ಟಿನ ಜೊತೆಗೆ ಬರುವ ತೇಲುಗಿಡಗಳದು, ಮತ್ತು ಇದನ್ನು ನಾನು ಉಳಿದೆರಡಕ್ಕಿಂತ ಗಂಭೀರವೆಂದು ಎಣಿಸುತ್ತೇನೆ. ಒಂದು ಅಂತರಗಂಗೆ, ಇನ್ನೊಂದು ನೇರಳೆ ಹೂವಿನ ವಾಟರ್ ಹಯಸಿಂತ್. ಎರಡನೆಯದು ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆಂದು ಬಂದು ನಮ್ಮ ಕೆರೆಗಳನ್ನು ನುಂಗಿದ ಕಳೆ. ಅನುಕೂಲವಾದ ಹವೆಯಲ್ಲಿ ಒಂದೆರಡು ವಾರಕ್ಕೆ ಇಮ್ಮಡಿಯಾಗುತ್ತದೆ. ಮೈಸೂರಿನ ದಳವಾಯಿ ಕೆರೆಯ ದಡದಲ್ಲಿ ನಿಂತು ನೋಡಿದವರಿಗೆ ಹೆಚ್ಚಿಗೆ ವಿವರಿಸಬೇಕಿಲ್ಲ. ಬೌಲು ತುಂಬಿ ಹೊರಬಂದ ಗಿಡವನ್ನು ಜನ ಕಸಕ್ಕೆ ಹಾಕಲು ಮನಸ್ಸಾಗದೆ ಹತ್ತಿರದ ಕೆರೆಗೋ ರಾಜಕಾಲುವೆಗೋ ಬಿಡುತ್ತಾರೆ, ಉಳಿದ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ಅಂಗಡಿಯವರು ಇದನ್ನು ಪುಕ್ಕಟೆ ಕೊಡುತ್ತಿರುವುದು ಅವರಲ್ಲಿ ಮಿತಿಮೀರಿ ಬೆಳೆದಿರುವುದರಿಂದಲೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬೇಡವೆಂದು ಹೇಳಿ ಅಲ್ಲಿಯೇ ಬಿಟ್ಟುಬರಬೇಕು. ಈಗಾಗಲೇ ಮನೆಗೆ ಬಂದಿದ್ದರೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಕಾಂಪೋಸ್ಟ್ ಗುಂಡಿಗೆ ಹಾಕಬಹುದು.

ಮನೆಗೆ ಬಂದು ಜೋಡಿಸುವ ಸೇವೆಯ ಬಗ್ಗೆ. ಹೇಳಿದ ದಿನ, ಹೇಳಿದ ಹೊತ್ತಿಗೆ ಇಬ್ಬರು ಹುಡುಗರು ಬರುತ್ತಾರೆ, ಕೆಲಸ ಚೊಕ್ಕಟ, ಕೆಸರಾದ ನೆಲವನ್ನು ತೊಳೆದೇ ಹೋಗುತ್ತಾರೆ. ತೊಟ್ಟಿಯನ್ನು ಎಲ್ಲಿಡಬೇಕೆಂದು ಮಾತ್ರ ಅವರಿಗೆ ತಿಳಿಯದು. ನಾವು ತೋರಿಸಿದ ಕಡೆ ಇಡುತ್ತಾರೆ. ತಾರಸಿಯ ಮೇಲೆ ಇಡುವವರು ಈ ಲೆಕ್ಕವನ್ನು ತಾವೇ ಹಾಕಿಕೊಳ್ಳಬೇಕು. ಎರಡು ಅಡಿ ಅಗಲ, ಒಂದು ಅಡಿ ಆಳದ ದುಂಡು ಟಬ್ಬಿನಲ್ಲಿ ಮೂರನೆಯ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿದರೆ ಅದರ ತೂಕ ನೂರು ಕಿಲೋ ದಾಟುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದ ಪ್ರಕಾರ ಲೆಕ್ಕಕ್ಕೆ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ. ಟಬ್ಬು ಆಕ್ರಮಿಸುವ ಜಾಗವಾದರೋ ಒಂದು ಚದರ ಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಒಂದು ತೊಟ್ಟಿಯಿಂದ ಕಟ್ಟಡಕ್ಕೆ ಏನೂ ಆಗುವುದಿಲ್ಲ. ಆದರೆ ಆಸೆಗೆ ಮಿತಿಯಿಲ್ಲದೆ ಹತ್ತು ತೊಟ್ಟಿಗಳನ್ನು ಚಪ್ಪಡಿಯ ನಡುವೆ ಗುಂಪಾಗಿ ಇಡುವುದು ಸರಿಯಲ್ಲ. ಗೋಡೆಯ ಅಂಚಿನಲ್ಲಿ, ಕೆಳಗೆ ತೊಲೆ ಹಾದುಹೋಗಿರುವ ಕಡೆ, ಒಂದಕ್ಕೊಂದು ದೂರವಾಗಿ ಇಡಬೇಕು. ಹೊರಚಾಚಿದ ಸಜ್ಜೆಯ ಮೇಲಂತೂ ಕೂಡದು. ಸೇವೆಗೆಂದು ಹಣ ಪಡೆಯುವವರು ಇಷ್ಟನ್ನಾದರೂ ತಾವಾಗಿ ಕೇಳಬೇಕಿತ್ತು.

ಬಿಸಿಲಿನ ಬಗ್ಗೆಯೂ ಅದೇ ಮಾತು. ನೈದಿಲೆಗೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕು, ತಾವರೆಗೆ ಅದಕ್ಕಿಂತ ಒಂದಿಷ್ಟು ಹೆಚ್ಚೇ ಬೇಕು. ನೆರಳಿನ ಬಾಲ್ಕನಿಯಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ. ಹುಡುಗರು ಏನನ್ನೂ ಹೇಳದೆ ನೆರಳಿನಲ್ಲಿಯೇ ಇಟ್ಟುಹೋದ ಬೌಲುಗಳನ್ನು ನಾನು ಪರಿಚಿತರ ಮನೆಗಳಲ್ಲಿ ನೋಡಿದ್ದೇನೆ. ಅಂಥ ಬಾಲ್ಕನಿಯವರಿಗೆ ಬಜೆ, ಸೈಪರಸ್, ಒಂದೆಲಗಗಳ ತೊಟ್ಟಿ ಮಾಡಿಕೊಟ್ಟರೆ ನಡೆಯುತ್ತದೆ. ಆದರೆ ಹೂವಿಲ್ಲದ ಸೆಟ್ಟು ಮಾರಾಟವಾಗುವುದಿಲ್ಲವಾದ್ದರಿಂದ ಅಂಗಡಿಯ ಪಟ್ಟಿಯಲ್ಲಿ ಅದು ಇಲ್ಲ.

ನಿಂತ ನೀರೆಂದ ಕೂಡಲೇ ಮನೆಯವರು ಕೇಳುವ ಪ್ರಶ್ನೆ ಸೊಳ್ಳೆಯದು, ಅದು ನ್ಯಾಯವಾದ ಪ್ರಶ್ನೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ವಾರ-ಹತ್ತು ದಿನ ಸಾಕು. ಡ್ರಮ್ಮು, ಸಂಪುಗಳ ನೀರನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಎನ್ನುವ ಆರೋಗ್ಯ ಇಲಾಖೆಯ ಸೂಚನೆಯನ್ನು ಗಿಡವಿರುವ ತೊಟ್ಟಿಯಲ್ಲಿ ಪಾಲಿಸಲು ಆಗುವುದಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡ ವಿಧಿಸುವ ನಿಯಮವನ್ನೂ ತಂದಿದೆ. ಮಳೆಗಾಲದಲ್ಲಿ ಲಾರ್ವಾ ಸಮೀಕ್ಷೆಗೆ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ಟಾರ್ಚ್ ಹಾಕಿ ತೊಟ್ಟಿಯನ್ನು ನೋಡಿಯೇ ನೋಡುತ್ತಾರೆ. ಇದಕ್ಕೆ ಉತ್ತರ ಮೀನು. ಸೊಳ್ಳೆಯ ಮರಿಗಳನ್ನು ತಿನ್ನುವ ಗಪ್ಪಿ, ಗಂಬೂಸಿಯಾ ಮೀನುಗಳನ್ನು ಮಲೇರಿಯಾ ತಡೆಗಾಗಿ ಕರ್ನಾಟಕದ ಹಳ್ಳಿಗಳ ಬಾವಿಗಳಿಗೆ ಬಿಟ್ಟು ಪರೀಕ್ಷಿಸಿದ ಚರಿತ್ರೆ ದಶಕಗಳಷ್ಟು ಹಿಂದಿನದು. ಮನೆಯ ತೊಟ್ಟಿಗೆ ಗಪ್ಪಿಯೇ ಸರಿ. ಗಂಬೂಸಿಯಾ ಬೇರೆ ಮೀನುಗಳ ಮರಿಗಳನ್ನೂ ಕಚ್ಚಿ ತಿನ್ನುವ ಜಗಳಗಂಟಿ. ಎರಡನ್ನೂ ಕೆರೆಕಟ್ಟೆಗೆ ಬಿಡಬಾರದೆಂಬುದು ಬೇರೆ ಮಾತು.

ಈ ವಿಷಯದಲ್ಲಿ ಅಂಗಡಿಗೆ ಪೂರ್ಣ ಅಂಕ ಕೊಡುತ್ತೇನೆ. ಮೀನಿಲ್ಲದೆ ಅವರು ನೀರಿನ ಗಿಡವನ್ನು ಕೊಡುವುದೇ ಇಲ್ಲ. ಬೇಡವೆಂದರೂ ಚೀಲಕ್ಕೆ ತುಂಬುತ್ತಾರೆ. ಕೊಡುವುದೂ ಬಾಲ ಬೀಸುವ ಬಣ್ಣದ ಗಂಡುಗಳನ್ನಲ್ಲ, ಬೂದು ಬಣ್ಣದ ದಪ್ಪ ಹೊಟ್ಟೆಯ ಹೆಣ್ಣುಗಳನ್ನು, ಜೊತೆಗೆ ಒಂದೋ ಎರಡೋ ಗಂಡು. ಮೈಯಲ್ಲಿ ದೊಡ್ಡದಾದ ಹೆಣ್ಣು ಹೆಚ್ಚು ಮರಿಹುಳು ತಿನ್ನುತ್ತದೆ, ತಿಂಗಳಿಗೊಮ್ಮೆ ಮರಿಯನ್ನೂ ಹಾಕುತ್ತದೆ. ‘ಊಟ ಹಾಕ್ಬೇಡಿ ಸಾರ್, ಹೊಟ್ಟೆ ತುಂಬಿದ ಮೀನು ಸೊಳ್ಳೆ ಯಾಕೆ ಹುಡುಕುತ್ತೆ?’ ಎಂಬ ತಾಯಿಯ ಮಾತನ್ನು ಎಲ್ಲ ಮೀನಿನಂಗಡಿಗಳಲ್ಲೂ ಬರೆದು ತೂಗುಹಾಕಬೇಕು. ನಗರಕ್ಕೆ ಬರುವ ಕಾವೇರಿ, ಕಬಿನಿ ನೀರಿಗೆ ಕ್ಲೋರಿನ್ ಬೆರೆಸಿರುವುದರಿಂದ ನಲ್ಲಿ ನೀರನ್ನು ತೊಟ್ಟಿಗೆ ತುಂಬಿ ಒಂದೆರಡು ದಿನ ಬಿಸಿಲಿಗೆ ಬಿಟ್ಟು, ಆಮೇಲೆ ಮೀನಿನ ಚೀಲವನ್ನು ಹಾಗೆಯೇ ಸ್ವಲ್ಪ ಹೊತ್ತು ತೇಲಿಸಿ, ಎರಡೂ ನೀರಿನ ಬಿಸಿ ಒಂದಾದ ಮೇಲೆ ಬಿಡಬೇಕು. ಇಪ್ಪತ್ತು ಲೀಟರಿಗಿಂತ ಚಿಕ್ಕ ಪಾತ್ರೆಯ ನೀರು ಏಪ್ರಿಲ್ ಮಧ್ಯಾಹ್ನ ಮೀನು ತಾಳಲಾರದಷ್ಟು ಕಾಯುತ್ತದೆ. ಸೆಟ್ಟಿನ ಅತಿ ಚಿಕ್ಕ ಬೌಲನ್ನು ಕೊಳ್ಳಬೇಡಿ ಎನ್ನಲು ಇದೊಂದೇ ಕಾರಣ ಸಾಕು.

ಕೊಂಡ ನಂತರದ ಸಲಹೆಗೆ ವಾಟ್ಸ್‌ಆ್ಯಪ್ ಇದೆ. ಫೋಟೊ ಕಳುಹಿಸಿದರೆ ಉತ್ತರ ಬರುತ್ತದೆ, ಆದರೆ ಉತ್ತರಿಸುವವರು ಯಾರೆಂಬುದರ ಮೇಲೆ ಉತ್ತರದ ಬೆಲೆ ನಿಂತಿದೆ. ಹೊಸ ತೊಟ್ಟಿಯ ನೀರು ಮೊದಲ ವಾರಗಳಲ್ಲಿ ಬಟಾಣಿ ಸಾರಿನಂತೆ ಹಸಿರಾಗುವುದು ಸಹಜ. ಇದಕ್ಕೆ ಮಗನ ಪರಿಹಾರ, ಅವರೇ ಮಾರುವ ಪಾಚಿನಾಶಕದ ಬಾಟಲಿ. ತಾಯಿಯ ಪರಿಹಾರ, ಸುಮ್ಮನಿರುವುದು. ತಾಯಿಯದೇ ಸರಿ: ನೀರನ್ನು ಮತ್ತೆ ಮತ್ತೆ ಬದಲಿಸಿದಷ್ಟೂ ಹೊಸ ನೀರಿನೊಂದಿಗೆ ಪಾಚಿಗೆ ಹೊಸ ಆಹಾರ ಸಿಗುತ್ತದೆ, ಎಲೆಗಳು ಹರಡಿ ನೀರಿನ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿದಾಗ ಬೆಳಕು ಸಿಗದೆ ಪಾಚಿ ತಾನಾಗಿ ಇಳಿಯುತ್ತದೆ. ಹಳದಿಯಾದ ಎಲೆಯನ್ನು ಬುಡದವರೆಗೆ ಬೆರಳು ಇಳಿಸಿ ಚಿವುಟಿ ತೆಗೆಯುವುದು, ಆವಿಯಾದಷ್ಟು ನೀರು ತುಂಬುವುದು ಇಷ್ಟೇ ನಿತ್ಯದ ಕೆಲಸ. ಮಾರ್ಚ್-ಏಪ್ರಿಲ್ ಬಿಸಿಲಿಗೆ ಎರಡಡಿ ಅಗಲದ ತೊಟ್ಟಿ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಕಳೆದುಕೊಳ್ಳುತ್ತದೆ. ಬೋರ್‌ವೆಲ್ ನೀರನ್ನೇ ತುಂಬುತ್ತಿದ್ದರೆ ಅಂಚಿನಲ್ಲಿ ಬಿಳಿ ಕರೆ ಕಟ್ಟುತ್ತದೆ, ಅದರಿಂದ ಗಿಡಕ್ಕೆ ದೊಡ್ಡ ತೊಂದರೆಯಿಲ್ಲ. ಎಲೆಯ ಮೇಲೆ ಕಪ್ಪು ಹೇನು ಕೂತರೆ ಔಷಧಿ ಹೊಡೆಯಬಾರದು, ಮೀನು ಸಾಯುತ್ತದೆ. ಪೈಪಿನಿಂದ ಜೋರಾಗಿ ನೀರು ಹಾಯಿಸಿ ಕೆಡವಿದರೆ ಮೀನುಗಳೇ ತಿಂದು ಮುಗಿಸುತ್ತವೆ.

ಡಿಸೆಂಬರ್, ಜನವರಿಯಲ್ಲಿ ತಾವರೆಯ ಎಲೆಗಳೆಲ್ಲ ಕಂದಾಗಿ ಬಾಗಿ ಒಣಗಿದ್ದನ್ನು ಕಂಡು, ಸತ್ತಿತೆಂದು ತೊಟ್ಟಿ ಬೋರಲು ಹಾಕಿದವರು ಇದ್ದಾರೆ. ಗಿಡ ಮಲಗಿರುತ್ತದೆ ಅಷ್ಟೇ. ಮಣ್ಣು ಒಣಗದಂತೆ ನೀರು ನಿಲ್ಲಿಸಿದ್ದರೆ ಬೇಸಿಗೆ ಕಾಲಿಡುವಾಗ ಗೆಡ್ಡೆ ಮತ್ತೆ ಚಿಗುರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಈ ಮಲಗಿದ ತೊಟ್ಟಿಗಳನ್ನು ಅಂಗಡಿಯವರು ಬಗೆದು ಗೆಡ್ಡೆ ಬಿಡಿಸುತ್ತಾರೆ. ಗೆಡ್ಡೆ ಕೊಳ್ಳಲು ಒಳ್ಳೆಯ ಕಾಲ ಆಗಿನಿಂದ ಯುಗಾದಿಯವರೆಗೆ. ಮುಂಚಿತವಾಗಿ ಹೇಳಿಟ್ಟರೆ ಬೇಕಾದ ಬಣ್ಣದ್ದನ್ನು ತೆಗೆದಿಡುತ್ತಾರೆ, ಮುಂಗಡ ಕೇಳುವುದಿಲ್ಲ. ನೈದಿಲೆಗೆ ಇಂಥ ಕಟ್ಟುಪಾಡಿಲ್ಲ, ಯಾವಾಗ ಬೇಕಾದರೂ ತರಬಹುದು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಮಾತ್ರ ಅತ್ತ ಹೋಗಬಾರದು: ಮಾರುಕಟ್ಟೆಯಲ್ಲಿ ಒಂದೊಂದು ತಾವರೆ ಮೊಗ್ಗಿನ ಬೆಲೆಯೂ ಏರಿರುವ ಆ ದಿನಗಳಲ್ಲಿ ಮೊಗ್ಗು ಬಿಟ್ಟ ಟಬ್ಬುಗಳನ್ನು ಹೊತ್ತೊಯ್ಯಲು ಕಾರುಗಳು ಸಾಲುಗಟ್ಟುತ್ತವೆ, ತಾಯಿಗೆ ಮಾತನಾಡಲು ಬಿಡುವಿರುವುದಿಲ್ಲ, ವ್ಯಾಪಾರವೆಲ್ಲ ಮಗನ ಕೈಯಲ್ಲಿರುತ್ತದೆ.